ಫಾಕ್ಸ್‌ಗ್ಲೋವ್ ಬೀಜದ ಪೊಟ್ಟಣದ ಮೇಲೆ ಇಷ್ಟಾದರೂ ಇರಲಿ

ಮಾನ್ಯ ಸಂಪಾದಕರೇ,

ಚಳಿಗಾಲದ ಹೂಗಳಿಗಾಗಿ ಪಿಟೂನಿಯ, ಪ್ಯಾನ್ಸಿ ಬೀಜಗಳ ಜೊತೆ ಫಾಕ್ಸ್‌ಗ್ಲೋವ್ ಪೊಟ್ಟಣವನ್ನೂ ಆನ್‌ಲೈನಿನಲ್ಲಿ ತರಿಸುವವರಿದ್ದಾರೆ. ಯುರೋಪಿನ ಈ ಗಿಡ ನಮ್ಮಲ್ಲಿ ಹೂ ಬಿಡುವುದೇ ಇಲ್ಲ ಎಂದು ಕೈಬಿಡಬೇಕಾಗಿಲ್ಲ. ತಳಿ ಸರಿಯಾಗಿರಬೇಕು, ಅಷ್ಟೇ.

ಸಾಮಾನ್ಯ ಫಾಕ್ಸ್‌ಗ್ಲೋವ್ ಎರಡು ವರ್ಷದ ಗಿಡ. ಮೊದಲ ವರ್ಷ ಬರೀ ಎಲೆ. ವಾರಗಟ್ಟಲೆ ಗಟ್ಟಿ ಚಳಿ ತಿಂದ ಮೇಲೆಯೇ ಹೂತೆನೆ ಏಳುತ್ತದೆ. ಬೆಂಗಳೂರು, ಮೈಸೂರಿನ ಚಳಿ ಅದಕ್ಕೆ ಸಾಲದು. ಬಿತ್ತಿದ ವರ್ಷವೇ ಅರಳುವ ‘ಫಾಕ್ಸಿ’, ‘ಕ್ಯಾಮೆಲಾಟ್’, ‘ಡಾಲ್ಮೇಷಿಯನ್’ ತಳಿಗಳನ್ನೇ ಕೇಳಿ ಪಡೆಯಬೇಕು. 1967ರಲ್ಲಿ ಅಮೆರಿಕದಲ್ಲಿ ಪ್ರಶಸ್ತಿ ಪಡೆದ ಫಾಕ್ಸಿ, ಬಿತ್ತಿದ ಸುಮಾರು 5 ತಿಂಗಳಿಗೆ ಹೂವಿಗೆ ಬರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತಿದರೆ ಬಿಸಿಲು ಬಲಿಯುವ ಮೊದಲೇ ಹೂ ನೋಡಬಹುದು.

ಹೆಚ್ಚಿನವರು ಸೋಲುವುದು ಬಿತ್ತುವಾಗಲೇ. ಬೀಜ ನಶ್ಯದ ಪುಡಿಯಷ್ಟು ನುಣ್ಣಗಿರುತ್ತದೆ, ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚಿದರೆ ಬಹುಪಾಲು ಬೀಜ ಮೊಳೆಯುವುದೇ ಇಲ್ಲ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಪಾಲು ಮರಳು ಬೆರೆಸಿ ಟ್ರೇ ತುಂಬಿ ಮಟ್ಟ ಮಾಡಿ. ಚಿಟಿಕೆ ಬೀಜವನ್ನು ಒಂದು ಚಮಚ ಒಣ ಸಣ್ಣ ಮರಳಿನೊಂದಿಗೆ ಕಲಸಿ ತೆಳುವಾಗಿ ಉದುರಿಸಿ, ಹಲಗೆಯಿಂದ ಮೆಲ್ಲಗೆ ಒತ್ತಿ. ಮೇಲಿಂದ ನೀರು ಹಾಕಿದರೆ ಬೀಜವೆಲ್ಲ ಕೊಚ್ಚಿ ಒಂದು ಮೂಲೆ ಸೇರುತ್ತದೆ. ಟ್ರೇಯನ್ನೇ ನೀರಿನ ತಟ್ಟೆಯಲ್ಲಿಟ್ಟು, ಮೇಲ್ಮೈ ಒದ್ದೆಯಾದೊಡನೆ ಎತ್ತಿಡಿ. ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ. 15ರಿಂದ 20 ಡಿಗ್ರಿ ಉಷ್ಣತೆಯಲ್ಲಿ ಎರಡು-ಮೂರು ವಾರಕ್ಕೆ ಮೊಳಕೆ. ಕಂಡ ದಿನವೇ ಹೊದಿಕೆ ತೆಗೆಯಿರಿ. ತಡವಾದರೆ ಸಸಿಗಳು ಬುಡ ಕೊಳೆತು ಸಾಲುಸಾಲಾಗಿ ಮಲಗುತ್ತವೆ.

ನಾಲ್ಕು ಎಲೆ ಬಂದಾಗ ಚಿಕ್ಕ ಕುಂಡಕ್ಕೆ, ಬೇರು ತುಂಬಿದ ಮೇಲೆ 10–12 ಇಂಚಿನ ಕುಂಡಕ್ಕೆ ಬದಲಿಸಿ. ಎಲೆಗಳು ಹೊರಡುವ ನಡುಬುಡ ಮಣ್ಣಿನಲ್ಲಿ ಹೂತುಹೋಗಬಾರದು, ಅದು ಕೊಳೆತರೆ ಗಿಡವೇ ಹೋದಂತೆ. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು ಸಾಕು. ಯೂರಿಯಾ ಬೇಡ, ಎಲೆಯೇ ಹಬ್ಬುತ್ತದೆ. ಮೊದಲ ತೆನೆ ಮುಗಿಯುತ್ತಲೇ ಕತ್ತರಿಸಿದರೆ ಪಕ್ಕದಲ್ಲಿ ಸಣ್ಣ ತೆನೆಗಳು ಒಡೆಯುತ್ತವೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಈ ಗಿಡದ ಎಲೆ, ಹೂ, ಬೀಜ ಎಲ್ಲವೂ ವಿಷ. ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಇದೇ ಜಾತಿಯ ಇನ್ನೊಂದು ಗಿಡದ ಎಲೆಯಿಂದ ಬರುತ್ತದೆ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಕುರಿತು ಬರೆದಾಗಲೇ ಪ್ರಮಾಣ ಮೀರಿದರೆ ಆಗುವ ಅಪಾಯವನ್ನೂ ದಾಖಲಿಸಿದ್ದ. ವಾಂತಿ, ಹಳದಿ-ಹಸಿರಾಗಿ ಕಾಣುವ ದೃಷ್ಟಿ, ಏರುಪೇರಾಗುವ ನಾಡಿ ಈ ವಿಷ ಏರಿದ ಲಕ್ಷಣ. ಹೂ ಬಿಡುವ ಮುನ್ನ ಇದು ಯಾವುದೋ ಸೊಪ್ಪಿನ ಗಿಡದಂತೆಯೇ ಕಾಣುವುದರಿಂದ ಪಾಲಕ್, ದಂಟಿನ ಮಡಿಯ ಪಕ್ಕ ಖಂಡಿತ ಬೇಡ. ಕತ್ತರಿಸಿದ ಎಲೆಯನ್ನು ಹಸು, ಮೇಕೆಗೆ ಹಾಕಬಾರದು. ಹೂ ಇಟ್ಟ ಹೂದಾನಿಯ ನೀರೂ ಮಕ್ಕಳ ಕೈಗೆ ಸಿಗಬಾರದು. ಯಾರಾದರೂ ತಿಂದರೆ ಮನೆಮದ್ದಿಗೆ ಕಾಯದೆ ಎಲೆಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೀಜ ಮಾರುವವರು ತಳಿಯ ಹೆಸರು, ‘ಮಣ್ಣು ಮುಚ್ಚಬೇಡಿ’, ‘ವಿಷದ ಗಿಡ’ ಎಂಬ ಮೂರನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಬೇಕು. ತೋಟಗಾರಿಕೆ ಇಲಾಖೆ ಇದನ್ನು ಕಡ್ಡಾಯ ಮಾಡಿಸಲಿ.

– ಹವ್ಯಾಸಿ ಹೂಬೆಳೆಗಾರರು, ಬೆಂಗಳೂರು