ಕರಿಬೇವಿನ ಮರಿ ಹಂಚುವ ಮುನ್ನ

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ನಮ್ಮ ಹಿತ್ತಲುಗಳಲ್ಲಿ ಕರಿಬೇವಿನ ಬುಡದಿಂದ ಮರಿಗಳು ಏಳುತ್ತವೆ. ಕಿತ್ತು ಕುಂಡಕ್ಕೆ ಹಾಕಿ ಸಂಘದ ಕಾರ್ಯಕ್ರಮಕ್ಕೆ ತರುವ ರೂಢಿಯೂ ಇದೆ. ದಯವಿಟ್ಟು ಇನ್ನು ತರಬೇಡಿ.

ಕರಿಬೇವು ನಿಂಬೆಯ ಕುಟುಂಬದ್ದು. ನಿಂಬೆ, ಕಿತ್ತಳೆಯ ರಸ ಹೀರುವ ಏಷ್ಯನ್ ಸಿಟ್ರಸ್ ಸಿಲ್ಲಿಡ್ ಎಂಬ ಹುಳುವಿಗೆ ಇದೂ ಇಷ್ಟ. ಈ ಹುಳು ಕ್ಯಾಲಿಫೋರ್ನಿಯಾದಲ್ಲಿ ಮೊದಲು ಸಿಕ್ಕಿದ್ದು 2008ರಲ್ಲಿ. ಅದು ಹರಡುವ ಎಚ್‌ಎಲ್‌ಬಿ (ನಿಂಬೆ ಜಾತಿಯ ಮರಗಳನ್ನು ಕೊಲ್ಲುವ ಹುವಾಂಗ್‌ಲಾಂಗ್‌ಬಿಂಗ್) ರೋಗ 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಹಸಿಯೆಂಡಾ ಹೈಟ್ಸ್‌ನ ಒಂದು ಮನೆಯ ಮರದಲ್ಲಿ ಕಂಡಿತು. ಇದಕ್ಕೆ ಮದ್ದಿಲ್ಲ, ಮರ ಕಡಿಯಬೇಕು. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೂ ಇದೇ ರೋಗ ಒಂದು ಕಾರಣ.

ಕರಿಬೇವು ಈ ರೋಗಕ್ಕೆ ಬೀಳುವುದಿಲ್ಲ. ಫಜೀತಿ ಇರುವುದೇ ಅಲ್ಲಿ: ಗಿಡ ನಳನಳಿಸುತ್ತಿರುತ್ತದೆ, ಚಿಗುರಿನಲ್ಲಿ ಹುಳು ಕೂತಿರುತ್ತದೆ. ನಿಂಬೆ ಮರಕ್ಕೆ ಸೋಂಕು ತಗುಲಿದರೂ ಲಕ್ಷಣ ಕಾಣಲು ವರ್ಷಗಳೇ ಹಿಡಿಯಬಹುದು. ಹಾಗಾಗಿ ‘ನಮ್ಮ ಗಿಡ ಚೆನ್ನಾಗಿದೆ’ ಎಂಬುದು ಪರವಾನಗಿಯಲ್ಲ.

ಎಚ್‌ಎಲ್‌ಬಿ ಸಿಕ್ಕ ಜಾಗದ ಸುತ್ತ ಸಾಮಾನ್ಯವಾಗಿ 5 ಮೈಲಿಯವರೆಗೆ ಕ್ವಾರಂಟೈನ್ ಹಾಕುತ್ತಾರೆ. ನಿಂಬೆ ಕುಟುಂಬದ ಗಿಡ, ಟೊಂಗೆ, ಎಲೆ ಆ ಗಡಿ ದಾಟುವಂತಿಲ್ಲ. ಹಿತ್ತಲ ಹಣ್ಣನ್ನೂ ಮನೆಯಲ್ಲೇ ತಿಂದು ಮುಗಿಸಿ ಎನ್ನುತ್ತಾರೆ. ಹೀಗೆ ಕಟ್ಟು ಹಾಕಿದ ಗಿಡಗಳ ಪಟ್ಟಿಯಲ್ಲಿ ಬಿಲ್ವವೂ ಇದೆ, ಬೇಲವೂ ಇದೆ. ಶಿವರಾತ್ರಿಗೆ ಪತ್ರೆ ಹೊತ್ತು ಊರೂರು ತಿರುಗುವವರು ಗಮನಿಸಿ. ತುಳಸಿಗೆ ಈ ಕಟ್ಟಿಲ್ಲ. ಊರಿನಿಂದ ಸೂಟ್‌ಕೇಸಿನಲ್ಲಿ ಹಸಿ ಕರಿಬೇವು ತರುವುದಂತೂ ಸುತರಾಂ ಕೂಡದು.

ತಿಂಗಳಿಗೊಮ್ಮೆ, ಚಿಗುರೊಡೆಯುವ ಕಾಲದಲ್ಲಿ ಇನ್ನೂ ಬೇಗ ಬೇಗ, ಭೂತಗನ್ನಡಿ ಹಿಡಿದು ಎಳೆ ಎಲೆಯ ಅಡಿ ನೋಡಿ. ದೊಡ್ಡ ಹುಳು 3–4 ಮಿ.ಮೀ., ಕಂದುಬಣ್ಣ. ತಲೆ ತಗ್ಗಿಸಿ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುವುದೇ ಅದರ ಗುರುತು. ಗಿಡಹೇನು ಹಾಗೆ ಕೂರುವುದಿಲ್ಲ. ಹುಳುವಿನ ಮರಿ ಹಳದಿ, ಮೈಯಿಂದ ಬಿಳಿ ಮೇಣದ ಸುರುಳಿ ಹೊರಡುತ್ತದೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೊದಲು ಅದನ್ನು ತಡೆಯಿರಿ. ಮರಿಗಳು ಸೂಸುವ ಸಿಹಿ ಅಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ. ಹುಳುವನ್ನು ಹತೋಟಿಯಲ್ಲಿಡಲೆಂದು ಪಾಕಿಸ್ತಾನದ ಪಂಜಾಬಿನಿಂದ ತಂದು ಬಿಟ್ಟ ಟಮರಿಕ್ಸಿಯಾ ಕಣಜವನ್ನು ಹತ್ತಿರ ಸೇರಿಸುವುದಿಲ್ಲ.

ಸವರಿದ ಟೊಂಗೆಯನ್ನು ಹಸಿಯಾಗಿ ಆಚೆ ಕಳಿಸಬೇಡಿ. ಅಂಗಳದಲ್ಲೇ ಪೂರ್ತಿ ಒಣಗಿಸಿ, ಇಲ್ಲವೇ ಒಂದರೊಳಗೊಂದು ಎರಡು ಚೀಲದಲ್ಲಿ ಕಟ್ಟಿ ಹಾಕಿ. ಗಿಡ ಬೇಕಿದ್ದವರು ತಮ್ಮ ಕೌಂಟಿಯ ಲೈಸೆನ್ಸ್ ಇರುವ ನರ್ಸರಿಯಲ್ಲೇ ಕೊಂಡು, ನರ್ಸರಿಯ ಚೀಟಿಯನ್ನು ಗಿಡದಲ್ಲೇ ಬಿಡಿ. ಸ್ನೇಹಿತರಿಗೆ ಕೊಡಲೇಬೇಕೆನಿಸಿದರೆ ಎಲೆ ಹುರಿದು ಚಟ್ನಿಪುಡಿ ಮಾಡಿ ಕೊಡಿ.

ಹುಳು ಕಂಡರೆ ಗಿಡ ಕಿತ್ತು ಎಸೆಯಬೇಡಿ, ಒಯ್ದು ಯಾರಿಗೂ ತೋರಿಸಲೂ ಬೇಡಿ. ಫೋಟೊ ತೆಗೆದು ರಾಜ್ಯ ಕೃಷಿ ಇಲಾಖೆಯ ಸಹಾಯವಾಣಿ 1-800-491-1899ಕ್ಕೆ ಕರೆ ಮಾಡಿ.