ಕಬ್ಬಿನ ತರಗಿಗೆ ಬೆಂಕಿ ಬೇಡ

ಮಾನ್ಯರೇ,

ಕಬ್ಬು ಕಟಾವು ಮುಗಿದರೆ ಸಾಕು, ಮಂಡ್ಯದ ಸುತ್ತ ಗದ್ದೆಯಲ್ಲಿ ತರಗಿಗೆ ಬೆಂಕಿ ಬೀಳುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಇಂಥ ತರಗು, ರಸ ಹಿಂಡಿದ ಸಿಪ್ಪೆಯ ಮೇಲೆ ಶಿಲೀಂಧ್ರ (ಬೂಷ್ಟು) ಬೆಳೆಸಿ ಕೈಗಾರಿಕೆಗೆ ಬೇಕಾದ ಕಿಣ್ವ (ಎಂಜೈಮ್) ತೆಗೆಯಬಹುದು.

ಬೆಳಗ್ಗೆ ಹೊಸ ತಿಪ್ಪೆಯನ್ನು ಕೆದಕಿ ನೋಡಿ. ಹಬೆ ಏಳುತ್ತದೆ, ಕೈ ಇಟ್ಟರೆ ಚುರ್ ಎನ್ನುತ್ತದೆ. ಆ ಬಿಸಿಯಲ್ಲೂ ಬೂಷ್ಟು ಹಬ್ಬಿರುತ್ತದೆ. ಮಾಮೂಲಿ ಶಿಲೀಂಧ್ರಗಳು 40 ಡಿಗ್ರಿ ದಾಟಿದರೆ ಸೋಲುತ್ತವೆ. ಆದರೆ ಬಿಸಿ ಬಯಸುವ ಥರ್ಮೋಮೈಸಿಸ್‌ನಂಥವು 50 ಡಿಗ್ರಿ ಆಸುಪಾಸಿನಲ್ಲೇ ಚೆನ್ನಾಗಿ ಬೆಳೆಯುತ್ತವೆ. ಅವುಗಳ ಕಿಣ್ವವೂ ಬಿಸಿಗೆ ಬೇಗ ಕೆಡುವುದಿಲ್ಲ. ಕಾರ್ಖಾನೆಗೆ ಬೇಕಿರುವುದು ಅದೇ ಅಲ್ವಾ? ಕಾಗದದ ತಿರುಳನ್ನು ಬಿಳಿ ಮಾಡುವಾಗ ಇವುಗಳ ಝೈಲನೇಸ್ ಎಂಬ ಕಿಣ್ವ ಬಳಸಿದರೆ ಕ್ಲೋರಿನ್ ಕಡಿಮೆ ಸಾಕು. ಥರ್ಮೋಮೈಸಿಸ್‌ನಿಂದ ಬಂದ ಲೈಪೇಸ್ ಎಂಬ ಇನ್ನೊಂದು ಕಿಣ್ವ ಸೋಪಿನ ಪುಡಿಯಲ್ಲಿ ಸೇರಿ ಎಣ್ಣೆ ಕಲೆ ತೆಗೆಯುತ್ತದೆ.

ಕಿಣ್ವ ತೆಗೆಯುವುದು ಹೀಗೆ: ಒದ್ದೆ ಬೂಸಾ, ಸಿಪ್ಪೆಯನ್ನು ಹಬೆಯಲ್ಲಿ ಬೇಯಿಸಿ, ತಟ್ಟೆಯಲ್ಲಿ ಹರಡಿ, ಶಿಲೀಂಧ್ರದ ಬೀಜಕಣ ಬೆರೆಸಿ ಕೆಲವು ದಿನ ಬೆಚ್ಚಗಿಡುತ್ತಾರೆ. ಆಮೇಲೆ ನೀರಲ್ಲಿ ನೆನೆಸಿ ಕಿಣ್ವ ಸೋಸಿಕೊಳ್ಳುತ್ತಾರೆ. ಹುದುಗುವಾಗ ಒಳಗೇ ಶಾಖ ಏರುವುದು ದೊಡ್ಡ ತಲೆನೋವು. ಬಿಸಿ ಬಯಸುವ ಶಿಲೀಂಧ್ರಕ್ಕೆ ಆ ಕಾಟ ಕಡಿಮೆ. ಹೀಗೆ ಹುದುಗಿಸುವ ಕೆಲಸದಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹಿಂದಿನಿಂದಲೂ ಪಳಗಿದೆ.

ಸಿಪ್ಪೆ ಬಹುಪಾಲು ಕಾರ್ಖಾನೆಯ ಬಾಯ್ಲರ್‌ಗೆ, ಆಲೆಮನೆಯ ಒಲೆಗೆ ಹೋಗುತ್ತದೆ, ಸರಿ. ಸುಮ್ನೆ ಸುಟ್ಟುಹೋಗುವ ತರಗಾದರೂ ಈ ಕೆಲಸಕ್ಕೆ ಸಿಗಲಿ. ಸಿಎಫ್‌ಟಿಆರ್‌ಐ ಮತ್ತು ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನು ಕೂಡಿಸಿ ಮಂಡ್ಯದಲ್ಲಿ ಒಂದು ಸಣ್ಣ ಪ್ರಾಯೋಗಿಕ ಘಟಕ ತೆರೆಯಲು ಜಿಲ್ಲಾಡಳಿತ ಮುಂದಾಗಬೇಕು. ತರಗು ಕೊಟ್ಟ ರೈತರಿಗೆ ದುಡ್ಡೂ ಸಿಗಬೇಕು.

– ಓದುಗ, ಮಂಡ್ಯ