ಮಳೆಗಾಲಕ್ಕೆ ಕಚ್ಚಲು ತೊಡಗುವ ಸಾಕುಗಿಳಿಗಳ ಬಗ್ಗೆ

ಮಾನ್ಯ ಸಂಪಾದಕರೇ,

ಕಾಸರಗೋಡು, ಕುಂಬಳೆ, ಉಪ್ಪಳದಂತಹ ಪೇಟೆಗಳಲ್ಲಿ ವಿದೇಶಿ ಗಿಳಿಗಳ ಮಾರಾಟ ಹೆಚ್ಚಿದ ಮೇಲೆ, ದನ, ನಾಯಿ, ಬೆಕ್ಕುಗಳನ್ನು ಬಿಟ್ಟರೆ ಬೇರೆ ಪ್ರಾಣಿಗಳನ್ನು ಸಾಕಿ ಗೊತ್ತಿಲ್ಲದ ತೋಟದ ಮನೆಗಳ ಜಗಲಿಯಲ್ಲೂ ಕಾಕಟೀಲ್, ಬಜರಿಗರ್, ಸನ್ ಕನ್ಯೂರ್‌ಗಳ ಪಂಜರಗಳು ತೂಗತೊಡಗಿವೆ. ಗಲ್ಫಿನಿಂದ ರಜೆಗೆ ಬಂದವರು ಮಕ್ಕಳ ಆಸೆಗೆಂದು ಮರಿಯೊಂದನ್ನು ಕೊಂಡುಕೊಟ್ಟು ಮರಳಿ ಹೋಗುತ್ತಾರೆ. ಅದರ ಚಾಕರಿ ಮನೆಯಲ್ಲಿರುವ ಅಜ್ಜ ಅಜ್ಜಿಯರ ಪಾಲಿಗೆ ಬರುತ್ತದೆ. ಒಂದೆರಡು ವರ್ಷ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ದಿನ, ಅಂಗೈಯಲ್ಲಿ ಕೂತು ಕಾಳು ತಿನ್ನುತ್ತಿದ್ದ ಅದೇ ಹಕ್ಕಿ ಪಂಜರದ ಬಾಗಿಲಿಗೆ ಕೈ ಹಾಕಿದವರ ಬೆರಳಿನಿಂದ ರಕ್ತ ಬರುವಂತೆ ಕಚ್ಚುತ್ತದೆ, ಕಿವಿ ಕಿವುಡಾಗುವಂತೆ ಕಿರುಚುತ್ತದೆ, ಮನೆಯ ಒಬ್ಬರನ್ನು ಬಿಟ್ಟು ಉಳಿದವರ ಮೇಲೆಲ್ಲ ಹಾರಿ ಬೀಳುತ್ತದೆ. ಹಕ್ಕಿಗೆ ಹುಚ್ಚು ಹಿಡಿದಿದೆ, ಸೊಕ್ಕು ಬಂದಿದೆ ಎಂದು ತೀರ್ಮಾನಿಸಿ ಅದಕ್ಕೆ ಹೊಡೆಯುವುದು, ಸಿಕ್ಕಿದ ಬೆಲೆಗೆ ಮಾರುವುದು ಅಥವಾ ತೋಟಕ್ಕೆ ಒಯ್ದು ಹಾರಿಬಿಡುವುದು ನಡೆಯುತ್ತಿದೆ. ಹಲವು ವರ್ಷಗಳಿಂದ ಕಾಕಟೀಲ್‌ಗಳನ್ನೂ ಒಂದು ಕನ್ಯೂರನ್ನೂ ಸಾಕುತ್ತಿರುವ ನನಗೆ ಇದನ್ನು ನೋಡಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಇದು ರೋಗವಲ್ಲ, ದುರ್ಗುಣವೂ ಅಲ್ಲ. ಪ್ರಾಯಕ್ಕೆ ಬಂದ ಹಕ್ಕಿಯಲ್ಲಿ ಗೂಡು ಕಟ್ಟುವ ಕಾಲ ಸಮೀಪಿಸಿದಾಗ ಹಾರ್ಮೋನುಗಳು ಏರುತ್ತವೆ. ಉಳಿದ ಸಮಯದಲ್ಲಿ ಕುಗ್ಗಿ ಸಣ್ಣದಾಗಿರುವ ಅದರ ಜನನಾಂಗಗಳು ಆ ಅವಧಿಯಲ್ಲಿ ಹಲವು ಪಟ್ಟು ಹಿಗ್ಗುತ್ತವೆ. ಬಜರಿಗರ್ ಒಂದು ವರ್ಷದೊಳಗೇ ಈ ಪ್ರಾಯಕ್ಕೆ ಬಂದರೆ, ಕಾಕಟೀಲ್ ಸುಮಾರು ಒಂದು ವರ್ಷಕ್ಕೆ, ಕನ್ಯೂರ್ ಸುಮಾರು ಎರಡು ವರ್ಷಕ್ಕೆ, ಆಫ್ರಿಕನ್ ಗ್ರೇ ಮೂರರಿಂದ ಐದು ವರ್ಷಕ್ಕೆ ಅಥವಾ ಇನ್ನೂ ತಡವಾಗಿ ಬರುತ್ತದೆ. ಮರಿಯಾಗಿದ್ದಾಗ ಸಾಧುವಾಗಿದ್ದದ್ದು ಈಗೇಕೆ ಹೀಗಾಯಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಗೂಡನ್ನೂ ಜೊತೆಗಾರನನ್ನೂ ಕಾಯುವುದು ಆ ಸಮಯದಲ್ಲಿ ಅದರ ಹುಟ್ಟುಗುಣ. ಪಂಜರವೇ ಗೂಡಾಗಿ, ಮನೆಯವರಲ್ಲೊಬ್ಬರೇ ಜೊತೆಗಾರರಾಗಿ ಕಂಡಾಗ ಉಳಿದವರೆಲ್ಲರೂ ಅದರ ಕಣ್ಣಿಗೆ ಅತಿಕ್ರಮಿಸುವವರೇ ಆಗುತ್ತಾರೆ. ಮಗನ ಹೆಗಲೇರಿ ಕೂರುವ ಗಿಳಿ ಸೊಸೆಯನ್ನು ಕಂಡರೆ ಮೇಲೆರಗುವುದಕ್ಕೆ ಕಾರಣ ಇಷ್ಟೇ ಹೊರತು, ಆಕೆಯ ಮೇಲೆ ಅದಕ್ಕೆ ಯಾವ ಹಗೆಯೂ ಇರುವುದಿಲ್ಲ.

ಈ ವಿಷಯದ ಬಗ್ಗೆ ನಮ್ಮವರಿಗೆ ಸುಲಭವಾಗಿ ಸಿಗುವ ಮಾಹಿತಿಯೆಲ್ಲ ಯುರೋಪು, ಅಮೆರಿಕಗಳದ್ದಾಗಿರುವುದರಿಂದ, ಅಲ್ಲಿ ಹೇಳಿದಂತೆ ವಸಂತ ಋತುವಿನಲ್ಲಿ ಮಾತ್ರ ಜಾಗ್ರತೆ ಮಾಡಿದರೆ ಸಾಕೆಂದು ಹಲವರು ತಿಳಿದುಕೊಂಡಿದ್ದಾರೆ. ಆದರೆ ಲಂಡನ್ನಿನಲ್ಲಿ ಹಗಲಿನ ಉದ್ದ ಚಳಿಗಾಲದ ಸುಮಾರು 8 ಗಂಟೆಯಿಂದ ಬೇಸಿಗೆಯ ಹದಿನಾರೂವರೆ ಗಂಟೆಯವರೆಗೆ ಬದಲಾಗುವಾಗ, ಕಾಸರಗೋಡಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಜೂನ್ ತಿಂಗಳ ಅತಿ ದೊಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮಲ್ಲಿ ಹಕ್ಕಿಗೆ ಸೂಚನೆ ಕೊಡುವುದರಲ್ಲಿ ಮಳೆಗೂ ಆಹಾರದ ಸಮೃದ್ಧಿಗೂ ದೊಡ್ಡ ಪಾಲಿದೆ. ಬಜರಿಗರ್ ಮತ್ತು ಕಾಕಟೀಲ್ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿಗಳು. ಅಲ್ಲಿ ಮಳೆ ಬಂದು ಹುಲ್ಲು ಕಾಳು ಕಟ್ಟಿದಾಗ, ತಿಂಗಳು ಯಾವುದೆಂದು ನೋಡದೆ ಅವು ಗೂಡು ಹೂಡುತ್ತವೆ. ಅಂತಹ ಹಕ್ಕಿಯನ್ನು ತಂದು ಆಟಿ ತಿಂಗಳ ಜಡಿಮಳೆಯ ನಡುವೆ ಕೂರಿಸಿ, ಮುಂದೆ ಸದಾ ತುಂಬಿದ ಕಾಳಿನ ಬಟ್ಟಲಿಟ್ಟರೆ ಅದರ ದೇಹ ಇದೇ ಸುಸಮಯವೆಂದು ತಿಳಿಯುವುದು ಸಹಜ. ನಮ್ಮ ಊರಿನ ಕಾಡುಗಿಳಿಗಳಾದರೋ ಡಿಸೆಂಬರ್, ಜನವರಿಯಿಂದ ಏಪ್ರಿಲ್ ಸುಮಾರಿಗೆ ಮರದ ಪೊಟರೆಗಳಲ್ಲಿ, ತಲೆ ಹೋದ ತೆಂಗಿನ ಬೊಡ್ಡೆಗಳಲ್ಲಿ ಸಂಸಾರ ಹೂಡುವಂಥವು. ಆದ್ದರಿಂದ ಸಾಕುವವರು ತಮ್ಮ ಹಕ್ಕಿ ಯಾವ ಜಾತಿಯದು ಎಂಬುದನ್ನು ಮೊದಲು ತಿಳಿದು, ಅದು ಯಾವ ತಿಂಗಳಲ್ಲಿ ಮುನಿಯುತ್ತದೆ ಎಂಬುದನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟರೆ, ಮರುವರ್ಷ ಆ ಹೊತ್ತಿಗೆ ಮುಂಚಿತವಾಗಿಯೇ ಸಿದ್ಧರಾಗಿರಬಹುದು.

ಮಳೆಯನ್ನು ನಾವು ತಡೆಯಲಾರೆವು, ಬೆಳಕನ್ನು ತಡೆಯಬಲ್ಲೆವು. ಹಕ್ಕಿಗಳು ಬೆಳಕನ್ನು ಕಣ್ಣಿನಿಂದ ಮಾತ್ರವಲ್ಲದೆ ತಲೆಬುರುಡೆಯ ಮೂಲಕ ಮಿದುಳಿನ ಆಳದಲ್ಲಿಯೂ ಗ್ರಹಿಸುತ್ತವೆ. ಟಿ.ವಿ. ಇರುವ ಚಾವಡಿಯಲ್ಲಿ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟಿನ ಕೆಳಗೆ ಕೂತು, ಬೆಳಗ್ಗೆ ಐದಕ್ಕೆ ಮತ್ತೆ ಎಚ್ಚರಗೊಳ್ಳುವ ಗಿಳಿಗೆ ಹಗಲು ಹದಿನೆಂಟು ಗಂಟೆಯಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಎಂದೂ ಇರದ ಇಂತಹ ಹಗಲನ್ನು ಸೃಷ್ಟಿಸುತ್ತಿರುವವರು ನಾವೇ. ಸಂಜೆ ಏಳರ ಸುಮಾರಿಗೆ ಹಕ್ಕಿಯನ್ನು ಮಾತುಕತೆ, ಟಿ.ವಿ. ಸದ್ದಿಲ್ಲದ ಬೇರೆ ಕೋಣೆಗೆ ಸಾಗಿಸಿ, ಬೆಳಗ್ಗೆಯವರೆಗೆ ಹನ್ನೆರಡು ಗಂಟೆಯ ಪೂರ್ಣ ಕತ್ತಲೆ ಸಿಗುವಂತೆ ನೋಡಿಕೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದರ ಉಗ್ರತೆ ತಗ್ಗುವುದನ್ನು ಕಾಣಬಹುದು. ಪಂಜರಕ್ಕೆ ದಪ್ಪ ಬಟ್ಟೆ ಹೊದೆಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದು ಹಕ್ಕಿಯನ್ನು ಬೇಯಿಸಿದಂತೆ. ಕೋಣೆಯನ್ನೇ ಕತ್ತಲಾಗಿಸುವುದು ಮೇಲು.

ಬೆಳಕಿನ ನಂತರ ಅತ್ಯಂತ ಮುಖ್ಯವಾದದ್ದು ಪೊಟರೆಯಂತಹ ಜಾಗ. ಅಂಗಡಿಯವರು ಲವ್ ಬರ್ಡ್ಸ್ ಎಂದು ಮಾರುವ ಬಜರಿಗರ್ ಜೋಡಿಯೊಂದಿಗೆ ಮಣ್ಣಿನ ಕುಡಿಕೆಯನ್ನೂ ಕಟ್ಟಿಕೊಡುವುದು ರೂಢಿ; ಮನೆಯಲ್ಲಿ ಕೆಲವರು ಅಂದಕ್ಕೆಂದು ತೆಂಗಿನ ಗೆರಟೆಯನ್ನು ಪಂಜರದಲ್ಲಿ ತೂಗಹಾಕುತ್ತಾರೆ. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಇವೆರಡನ್ನೂ ತೆಗೆದುಬಿಡಬೇಕು. ಪಂಜರದ ಹೊರಗೆ ಬಿಟ್ಟಾಗ ಕಪಾಟಿನ ಸಂದು, ಸೋಫಾದ ಅಡಿ, ರಟ್ಟಿನ ಪೆಟ್ಟಿಗೆ, ಬಟ್ಟೆಯ ರಾಶಿ ಮೊದಲಾದ ಕತ್ತಲೆಯ ಮೂಲೆಗಳಿಗೆ ಅದು ನುಗ್ಗದಂತೆ ನೋಡಬೇಕು. ಪಂಜರದ ತಳದಲ್ಲಿ ಹಾಸಿದ ಕಾಗದವನ್ನು ಹರಿದು ಗೂಡಿನಂತೆ ಒಟ್ಟುಮಾಡತೊಡಗಿದರೆ ಆ ಕಾಗದವನ್ನು ಜಾಲರಿಯ ಕೆಳಕ್ಕೆ ಸರಿಸಬೇಕು. ಕನ್ನಡಿಯನ್ನೂ ತೆಗೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಒಂಟಿ ಹಕ್ಕಿ ತನ್ನ ಪ್ರತಿಬಿಂಬವನ್ನೇ ಜೊತೆಗಾರನೆಂದು ಭ್ರಮಿಸಿ, ತಿಂದದ್ದನ್ನು ಕಕ್ಕಿ ಅದಕ್ಕೆ ಉಣಿಸಲು ಹೆಣಗುವುದು ನೋಡಲು ನಿಜಕ್ಕೂ ಸಂಕಟದ ದೃಶ್ಯ. ಪಂಜರದೊಳಗಿನ ಕೋಲು, ಬಟ್ಟಲು, ಆಟಿಕೆಗಳ ಜಾಗವನ್ನು ಆಗಾಗ ಬದಲಿಸುತ್ತಿದ್ದರೆ ಇದು ನನ್ನ ಗೂಡು ಎಂಬ ಅದರ ಹಟ ಸಡಿಲಗೊಳ್ಳುತ್ತದೆ.

ಮುದ್ದಿಸುವ ರೀತಿಯೂ ಬದಲಾಗಬೇಕು. ಬೆನ್ನು ಸವರುವುದು, ರೆಕ್ಕೆಯ ಅಡಿಗೆ, ಬಾಲದ ಬುಡಕ್ಕೆ ಬೆರಳು ಹಾಕುವುದು ನಮಗೆ ವಾತ್ಸಲ್ಯವಾದರೂ ಹಕ್ಕಿಗೆ ಕೂಡುವಿಕೆಯ ಆಹ್ವಾನವಾಗಿ ತೋರುತ್ತದೆ. ತಲೆ ಮತ್ತು ಕುತ್ತಿಗೆಯಷ್ಟನ್ನೇ ತುರಿಸಬೇಕು. ಒಬ್ಬರೇ ಉಣಿಸಿ, ಒಬ್ಬರೇ ಆಡಿಸುವ ಬದಲು ಮನೆಯವರೆಲ್ಲ ಸರದಿಯಂತೆ ಆ ಕೆಲಸ ಮಾಡಿದರೆ ಒಬ್ಬರ ಮೇಲಿನ ಅಂಟು ಅತಿಯಾಗುವುದಿಲ್ಲ.

ಆಹಾರದ ವಿಷಯದಲ್ಲಿ ನಮ್ಮವರ ಕೈ ದೊಡ್ಡದು. ಬೆಚ್ಚಗಿನ ಮೆತ್ತನೆಯ ಅನ್ನ, ಮೊಳಕೆ ಬರಿಸಿದ ಹೆಸರುಕಾಳು, ಮಾಗಿದ ನೇಂದ್ರ ಬಾಳೆಹಣ್ಣು, ಹಲಸಿನ ತೊಳೆ, ಇವುಗಳ ಮೇಲೆ ಬೇಕಾದಷ್ಟು ಸೂರ್ಯಕಾಂತಿ ಬೀಜ ಮತ್ತು ನೆಲಗಡಲೆ. ಮರಿಗೆ ಗುಟುಕು ಕೊಡಲು ತಕ್ಕ ಮೆತ್ತನೆಯ, ಕೊಬ್ಬಿನ, ಸಿಹಿಯ ಆಹಾರ ಹೇರಳವಾಗಿದೆ ಎಂಬುದೇ ಹಕ್ಕಿಯ ದೇಹಕ್ಕೆ ಗೂಡು ಕಟ್ಟಲು ಸಿಗುವ ಒಪ್ಪಿಗೆ. ಮುನಿಯುವ ತಿಂಗಳುಗಳಲ್ಲಿ ಇವನ್ನು ಕಡಿಮೆ ಮಾಡಿ, ನವಣೆಯಂತಹ ಸಣ್ಣ ಕಾಳುಗಳನ್ನು ಅಳತೆಯಲ್ಲಿ ಕೊಟ್ಟು, ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ತೊಂಡೆಕಾಯಿ, ಮುಳ್ಳುಸೌತೆಗಳನ್ನು ಹೆಚ್ಚಿಸಬೇಕು. ಉಪವಾಸ ಕೆಡವಬೇಕೆಂದು ಇದರ ಅರ್ಥವಲ್ಲ. ಸಣ್ಣ ಹಕ್ಕಿ ಒಂದು ದಿನ ತಿನ್ನದಿದ್ದರೂ ಅಪಾಯ. ಕಾಳನ್ನು ಬಟ್ಟಲಿಗೆ ಸುರಿಯುವುದಕ್ಕಿಂತ ಶುಚಿಯಾದ ಒಣ ಅಡಿಕೆ ಹಾಳೆಯ ತುಂಡಿನಲ್ಲಿ ಸುತ್ತಿ, ತೆಂಗಿನ ನಾರಿನ ಎಳೆಗಳ ನಡುವೆ ಸಿಕ್ಕಿಸಿ ಕೊಟ್ಟರೆ ಅದನ್ನು ಬಿಡಿಸಿ ತಿನ್ನುವುದರಲ್ಲೇ ಅದರ ಕೊಕ್ಕಿಗೆ ದಿನವೆಲ್ಲ ಕೆಲಸ ಸಿಗುತ್ತದೆ. ದುಬಾರಿ ಆಟಿಕೆಗಳಿಗಿಂತ ನಮ್ಮ ತೋಟದಲ್ಲಿ ಬಿದ್ದಿರುವ ಈ ವಸ್ತುಗಳನ್ನೇ ಗಿಳಿಗಳು ಹೆಚ್ಚು ಇಷ್ಟಪಡುತ್ತವೆ ಎಂಬುದು ನನ್ನ ಅನುಭವ. ತೋಟಕ್ಕೆ ಮದ್ದು ಬಿಟ್ಟ ದಿನಗಳ ಹಾಳೆಯನ್ನು ಮಾತ್ರ ಮುಟ್ಟಬಾರದು. ಬೋರ್ಡೋ ದ್ರಾವಣದ ಮೈಲುತುತ್ತು ಹಕ್ಕಿಗೆ ವಿಷ.

ಕಚ್ಚುವ ಮೊದಲು ಗಿಳಿ ಎಚ್ಚರಿಕೆ ಕೊಟ್ಟೇ ಕೊಡುತ್ತದೆ. ಕಣ್ಣಿನ ಪಾಪೆ ಸರಸರನೆ ಕಿರಿದಾಗಿ ಹಿಗ್ಗುವುದು, ಕತ್ತಿನ ಗರಿ ನಿಮಿರುವುದು, ಬಾಲ ಬೀಸಣಿಗೆಯಾಗುವುದು, ಕೊಕ್ಕು ತೆರೆದು ತಲೆ ಬಗ್ಗಿಸುವುದು ಕಂಡರೆ ಆಗ ಕೈ ಚಾಚಬಾರದು. ಪಂಜರದಿಂದ ಹೊರತೆಗೆಯಲೇಬೇಕಾದಾಗ ಬೆರಳಿನ ಬದಲು ಪೇರಳೆ ಮರದ ಒಂದು ಗೆಲ್ಲನ್ನು ಒಡ್ಡಿ ಅದರ ಮೇಲೆ ಹತ್ತಿಸಿಕೊಳ್ಳಬೇಕು. ಈ ಅಭ್ಯಾಸವನ್ನು ಹಕ್ಕಿ ಶಾಂತವಾಗಿರುವ ತಿಂಗಳುಗಳಲ್ಲೇ ಮಾಡಿಸಿಟ್ಟಿರಬೇಕು. ಈ ಅವಧಿಯಲ್ಲಿ ಅದನ್ನು ಹೆಗಲ ಮೇಲೆ ಕೂರಿಸಿಕೊಳ್ಳುವುದು, ಮಕ್ಕಳು ಮುಖ ಹತ್ತಿರ ಒಯ್ಯುವುದು ಬೇಡವೇ ಬೇಡ. ಕಚ್ಚಿದರೆ ಕೂಗದೆ, ಕೊಡವದೆ, ಕೊಕ್ಕಿಗೆ ಹೊಡೆಯದೆ, ಹಕ್ಕಿಯನ್ನು ಕೆಳಗಿಳಿಸಿ ಕೆಲವು ನಿಮಿಷ ದೂರ ಹೋಗಬೇಕು. ಪೆಟ್ಟು ತಿಂದ ಗಿಳಿ ಕಲಿಯುವುದು ಕೈಯೆಂದರೆ ಭಯ ಎಂಬುದನ್ನು ಮಾತ್ರ, ಆ ಭಯ ಋತು ಕಳೆದ ಮೇಲೂ ಉಳಿಯುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಆಳವಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಹಕ್ಕಿ ಕಚ್ಚಿದ್ದರಿಂದ ರೇಬಿಸ್ ಬರುವುದಿಲ್ಲ ಎಂಬುದನ್ನು ಗಾಬರಿಗೊಂಡ ತಾಯಂದಿರಿಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಇವೆಲ್ಲದರ ನಡುವೆ ಒಂದು ವಿಷಯದಲ್ಲಿ ವಿಳಂಬ ಸಲ್ಲದು. ಹೆಣ್ಣು ಹಕ್ಕಿ ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳನ್ನು ಕೂಡಲೇ ತೆಗೆದುಬಿಟ್ಟರೆ ಕೊರತೆ ತುಂಬಲೆಂದು ಮತ್ತೆ ಮತ್ತೆ ಇಟ್ಟು ಮೂಳೆಯ ಸುಣ್ಣವನ್ನೆಲ್ಲ ಕಳೆದುಕೊಳ್ಳುತ್ತದೆ. ಅದು ತಾನಾಗಿಯೇ ಕಾವು ಬಿಡುವವರೆಗೆ ಅವನ್ನು ಅಲ್ಲೇ ಬಿಡುವುದು ಉಚಿತ. ಕಡಲ ತೀರದಲ್ಲಿ ಸಿಗುವ, ಸಮುದ್ರದ ನೊರೆ ಎಂದು ಕರೆಯುವ ಬಿಳಿ ಚಿಪ್ಪನ್ನು ತೊಳೆದು ಒಣಗಿಸಿ ಪಂಜರದಲ್ಲಿ ಸಿಕ್ಕಿಸಿದರೆ ಅದನ್ನು ಕೆರೆದು ತಿಂದು ಸುಣ್ಣ ಪಡೆಯುತ್ತದೆ. ಆದರೆ ಹಕ್ಕಿ ಗರಿ ಉಬ್ಬಿಸಿ ಪಂಜರದ ತಳದಲ್ಲಿ ಕೂತು, ಬಾಲ ಏರಿಳಿಸುತ್ತ ತಿಣುಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಆಗ ನಾಳೆ ನೋಡೋಣ ಎನ್ನದೆ ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಬೇಕು. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗುತ್ತದೆ. ಋತುವಲ್ಲದ ಋತುವಿನಲ್ಲಿ ಹಠಾತ್ತಾಗಿ ಕಚ್ಚತೊಡಗಿದರೂ ಎಲ್ಲೋ ನೋವಿದೆ ಎಂದೇ ತಿಳಿದು ಪರೀಕ್ಷಿಸಬೇಕು. ಗರಿ ಉದುರಿ ಹೊಸ ಗರಿಯ ಮೊಳಕೆಗಳು ಚುಚ್ಚಿಕೊಂಡು ಬರುವ ವಾರಗಳಲ್ಲಿ ಮುಟ್ಟಿದರೆ ನೋಯುವುದರಿಂದ ಸಿಡುಕುವುದೂ ಉಂಟು.

ಜನರು ತಮಗೆ ತೋಚಿದಂತೆ ಮಾಡುವ ಮೂರು ಪರಿಹಾರಗಳು ನನ್ನನ್ನು ಹೆಚ್ಚು ನೋಯಿಸುತ್ತವೆ. ರೆಕ್ಕೆ ಕತ್ತರಿಸಿದರೆ ಸೊಕ್ಕು ಇಳಿಯುತ್ತದೆ ಎಂಬುದು ಸರಿಯಲ್ಲ. ಹಾರಿ ದೂರ ಸರಿಯಲಾರದ ಹಕ್ಕಿಗೆ ಕಚ್ಚುವುದೊಂದೇ ಉಳಿಯುವ ದಾರಿ. ಜೋಡಿ ತಂದುಕೊಟ್ಟರೆ ಸರಿಹೋಗುತ್ತದೆ ಎಂಬುದೂ ಅಷ್ಟೇ, ಕೆರಳಿದ ಹಕ್ಕಿಯ ಪಂಜರಕ್ಕೆ ಅಪರಿಚಿತ ಹಕ್ಕಿಯನ್ನು ಬಿಟ್ಟರೆ ರಕ್ತಪಾತವಾಗಬಹುದು. ಹೊಂದಿಕೊಂಡರೂ ಜೋಡಿ ಇನ್ನಷ್ಟು ಬಿಗಿಯಾಗಿ ಗೂಡು ಕಾಯುತ್ತದೆ. ಮೂರನೆಯದು ಹಾರಿಬಿಡುವುದು. ಪಂಜರದಲ್ಲೇ ಹುಟ್ಟಿ ಬೆಳೆದ ಕಾಕಟೀಲಿಗೆ ನಮ್ಮ ತೋಟದಲ್ಲಿ ಏನು ತಿನ್ನಬೇಕೆಂದು ಗೊತ್ತಿಲ್ಲ, ಕಾಗೆ, ಗಿಡುಗಗಳಿಂದ ತಪ್ಪಿಸಿಕೊಳ್ಳುವ ಬಗೆ ತಿಳಿದಿಲ್ಲ. ಅದನ್ನು ಸ್ವಾತಂತ್ರ್ಯ ಕೊಡುವುದೆಂದು ಕರೆಯುವವರ ಮಾತನ್ನು ನಾನು ಒಪ್ಪಲಾರೆ. ಋತುವಿನ ಈ ಉಗ್ರತೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು ಮೂರು ತಿಂಗಳುಗಳೊಳಗೆ ಕಳೆದುಹೋಗುತ್ತದೆ. ವರ್ಷವಿಡೀ ಉಳಿದರೆ ಬೆಳಕು, ಆಹಾರ, ಪೊಟರೆಗಳಲ್ಲೊಂದು ಇನ್ನೂ ಸರಿಯಾಗಿಲ್ಲ ಎಂದೇ ಅರ್ಥ.

ನಮ್ಮ ನಾಡಿನ ಹಸಿರು ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವಾದುದರಿಂದ, ಅಂತಹ ಹಕ್ಕಿ ಮನೆಯಲ್ಲಿದ್ದವರು ಅದರ ಸಿಡುಕಿಗೆ ಉಪಾಯ ಹುಡುಕುವ ಬದಲು ಅರಣ್ಯ ಇಲಾಖೆಯನ್ನು ಸಂಪರ್ಕಿಸಬೇಕು. ಆಫ್ರಿಕನ್ ಗ್ರೇ, ಮಕಾವ್ ಮೊದಲಾದವುಗಳನ್ನು ಸಾಕುವವರು 2024ರ ನಿಯಮಗಳಂತೆ ಅವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕಾಗಿದೆ.

ತಮ್ಮ ಪತ್ರಿಕೆಯ ಮೂಲಕ ಪಶುಸಂಗೋಪನಾ ಇಲಾಖೆಯವರಲ್ಲಿ ನನ್ನದೊಂದು ವಿನಂತಿ ಇದೆ. ಗಡಿನಾಡಿನ ಹಳ್ಳಿಗಳಲ್ಲಿ ಹಕ್ಕಿ ನೋಡಿಕೊಳ್ಳುವ ಹಿರಿಯರಲ್ಲಿ ಹೆಚ್ಚಿನವರು ಕನ್ನಡ ಮಾತ್ರ ಓದಬಲ್ಲವರು. ಕೋಳಿ, ದನಗಳ ಬಗ್ಗೆ ಮೃಗಾಸ್ಪತ್ರೆಗಳಲ್ಲಿ ಸಲಹೆ ಸಿಗುವಂತೆ ಸಾಕುಗಿಳಿಗಳ ಬಗ್ಗೆಯೂ ಒಂದು ಪುಟದ ಕನ್ನಡ ತಿಳಿವಳಿಕೆ ಪತ್ರವನ್ನು ಮಳೆಗಾಲಕ್ಕೆ ಮೊದಲೇ ಪಂಚಾಯತುಗಳಲ್ಲಿ ಹಂಚಬೇಕು. ಹಕ್ಕಿ ಮಾರುವ ಅಂಗಡಿಯವರು ಆ ಪತ್ರವನ್ನು ಗಿರಾಕಿಯ ಕೈಗೆ ಕೊಟ್ಟು, ಈ ಮರಿ ಯಾವ ವಯಸ್ಸಿಗೆ ಪ್ರಾಯಕ್ಕೆ ಬರುತ್ತದೆ, ಆಗ ಹೇಗೆ ವರ್ತಿಸುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹಣ ತೆಗೆದುಕೊಳ್ಳುವ ಮೊದಲು ಹೇಳುವಂತಾಗಬೇಕು. ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ, ಆಫ್ರಿಕನ್ ಗ್ರೇ ನಲವತ್ತು ವರ್ಷಕ್ಕೂ ಮಿಕ್ಕಿ ಬಾಳಬಲ್ಲದು ಎಂದು ತಿಳಿದರೆ, ರಜೆಗೆ ಬಂದವರು ಕೊಳ್ಳುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿಯಾರು. ತಾವೂ ಹಕ್ಕಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರೊಬ್ಬರಿಂದ ಈ ಬಗ್ಗೆ ಲೇಖನ ಬರೆಸಿ, ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗರೊಬ್ಬರು, ಬದಿಯಡ್ಕ